ಮುಗಿಯದ ಪಂಕ್ತಿ

ಆ ಬುಧವಾರ ತಬಿತಾಳಿಗೆ ಬೆಳಗಾದದ್ದೇ ಗ್ಲಾಸ್ಗೊದಲ್ಲಿ. ಎದ್ದದ್ದೇನೋ ಭದ್ರಾವತಿ ಹಳೇನಗರದ ಹೊಳೆದಂಡೆಯ ಕೇರಿಯಲ್ಲೇ, ಸಿಮೆಂಟ್ ಶೀಟಿನ ಅದೇ ಮನೆಯಲ್ಲೇ. ಆದರೆ ಹಲ್ಲುಜ್ಜುತ್ತ ಇಂಗ್ಲಿಷಿನಲ್ಲಿ ಗೊಣಗಿಕೊಂಡಳು, ಹಂಡೆಗೆ ಬೆಂಕಿ ಹಾಕುತ್ತ ಇಂಗ್ಲಿಷಿನಲ್ಲಿ ನಕ್ಕಳು, ಮೇಕೆಯನ್ನು ಗೂಟಕ್ಕೆ ಕಟ್ಟುತ್ತ ಅದಕ್ಕೂ ಇಂಗ್ಲಿಷಿನಲ್ಲೇ ಬುದ್ಧಿ ಹೇಳಿದಳು.

"ಅದು ಹೆದರಿಕೊಂಡು ಹಾಲು ನಿಲ್ಲಿಸಿಬಿಟ್ಟೀತು, ಕನ್ನಡದಲ್ಲಿ ಮಾತಾಡೇ ಮಾರಾಯ್ತಿ," ಅಂದಳು ಅವಳವ್ವ ಪುಟ್ಟಲಕ್ಷ್ಮಿ.

ವಿಷಯ ಇಷ್ಟು. ಮಧ್ಯಾಹ್ನ ಎರಡೂವರೆಗೆ, ಅಂದರೆ ಅಲ್ಲಿನ ಬೆಳಿಗ್ಗೆ ಒಂಬತ್ತಕ್ಕೆ, ತಬಿತಾ ಶಿವಮೊಗ್ಗದ ದುರ್ಗಿಗುಡಿಯ ಮಿಷನ್ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರಬೇಕು. ಆ ತುದಿಯಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ, ಮಾರ್ಗರೆಟ್ ಎಂಬ ಹಿರಿಯ ಹೆಂಗಸು ಕೂತಿರುತ್ತಾಳೆ. ಬೀದಿಯಲ್ಲಿ ಮಲಗುವವರಿಗೆ ಊಟ ಹಾಕುವ ಮನೆಯೊಂದನ್ನು ನಡೆಸುವವಳು ಆಕೆ. ಆ ಮನೆಗೆ ಭಾರತದಿಂದ ಒಬ್ಬ ಮಿಷನರಿ ಬೇಕು. ಇದು ಕೊನೆಯ ಸಂದರ್ಶನ. ತಬಿತಾಳ ಬೆನ್ನಿಗೇ ಮಂಗಳೂರಿನ ಹುಡುಗನೊಬ್ಬ ಕಾಯುತ್ತಿದ್ದ. ಇವಳು ಜಾರಿದರೆ ಅವನು ಹೋಗುತ್ತಾನೆ.

ಇಲ್ಲಿಂದ ಅಲ್ಲಿಗೆ ಮಿಷನರಿ! ಕೇರಿಯವರಿಗೆ ಇದು ಗಂಟಲಲ್ಲಿ ಇಳಿದೇ ಇರಲಿಲ್ಲ. ಪಕ್ಕದ ಮನೆಯ ಕರಿಬಸಮ್ಮ ತಿಂಗಳಿಂದ ಒಂದೇ ಪ್ರಶ್ನೆ ಹಿಡಿದಿದ್ದಳು.

"ಬಿಳೇರಲ್ಲೂ ಮನೆ ಇಲ್ದೋರು ಇದಾರೇನೇ? ನಮ್ಮನ್ನಾಳಿ ಇಲ್ಲಿಂದ ಹೊತ್ಕೊಂಡು ಹೋದ್ದನ್ನೆಲ್ಲ ಏನು ಮಾಡಿದ್ರಂತೆ?"

"ಹೊತ್ಕೊಂಡು ಹೋದೋರೇ ಬೇರೆ, ಬೀದೀಲಿ ಮಲಗಿರೋರೇ ಬೇರೆ ಕಣತ್ತೆ. ಎಲ್ಲ ಊರಲ್ಲೂ ಹಂಗೇ ಅಲ್ವಾ?"

ಅದಕ್ಕೆ ಕರಿಬಸಮ್ಮ ಒಪ್ಪಿದಳು. ಕಾರ್ಖಾನೆಯಲ್ಲಿ ಗಂಡ ಗುತ್ತಿಗೆ ಕೂಲಿಯಾಗಿ ಬೆಂದು ಸತ್ತದ್ದನ್ನೂ ಕಾರ್ಖಾನೆಯ ದೊಡ್ಡವರು ಬೆವರದೆ ಊರು ಬಿಟ್ಟದ್ದನ್ನೂ ಕಂಡವಳಿಗೆ ಆ ಮಾತು ತಿಳಿಯುವುದು ಕಷ್ಟವಿರಲಿಲ್ಲ.

ಅವ್ವನ ಚಿಂತೆ ಬೇರೆಯದೇ. ಅಕ್ಕಿ ತೊಳೆಯುತ್ತ, ಸೊಪ್ಪು ಸೋಸುತ್ತ, ನಿದ್ದೆಯ ಮಗ್ಗುಲು ಬದಲಿಸುತ್ತ ಕೇಳುತ್ತಿದ್ದಳು: "ನೀನು ಅವರಿಗೆಲ್ಲ ಬಡಿಸ್ತೀಯ, ಸರಿ. ಅಲ್ಲಿ ನಿನಗ್ಯಾರೇ ಬಡಿಸೋರು?"

ತಬಿತಾ ಪ್ರತಿ ಸಲವೂ ಮಾತು ತಿರುಗಿಸುತ್ತಿದ್ದಳು. ಈಚೆಗೆ ಇಂಗ್ಲಿಷಿನಲ್ಲಿ.

ಈ ಹಾದಿ ತೆರೆದದ್ದು ಒಂದು ಪ್ರಶ್ನೆಯಿಂದ. ಎರಡು ವರ್ಷದ ಹಿಂದೆ ಶಿವಮೊಗ್ಗದ ಸಭೆಯೊಂದಕ್ಕೆ ಮಾರ್ಗರೆಟ್ ಬಂದಿದ್ದಳು. ಗೋಡೆಯ ಮೇಲೆ ಚಿತ್ರಗಳನ್ನು ತೋರಿಸಿದಳು. ಮಂಜು ಸುರಿಯುವ ಬೀದಿ, ರಟ್ಟಿನ ಪೆಟ್ಟಿಗೆಯೊಳಗೆ ಮಲಗಿದ ಮುದುಕರು, ಕಾಗದದ ಲೋಟದಲ್ಲಿ ಸೂಪು ಹಿಡಿದು ಸಾಲಾಗಿ ನಿಂತ ಗಂಡಸರು ಹೆಂಗಸರು. ಸಭೆಯಲ್ಲಿದ್ದ ದೊಡ್ಡ ದೊಡ್ಡ ಪಾದ್ರಿಗಳು ದೊಡ್ಡ ದೊಡ್ಡ ಪ್ರಶ್ನೆ ಕೇಳಿದರು. ಕೊನೆಯ ಬೆಂಚಿನಿಂದ ತಬಿತಾ ಎದ್ದು, ಬೈಬಲ್ ಶಾಲೆಯಲ್ಲಿ ಕಲಿತ ಹರಕು ಇಂಗ್ಲಿಷಿನಲ್ಲಿ, "ಅವರು ಯಾಕೆ ನಿಂತುಕೊಂಡು ತಿನ್ನುತ್ತಾರೆ?" ಎಂದು ಕೇಳಿದಳು. ಮಾರ್ಗರೆಟ್ ಚಿತ್ರದ ಕಡೆ ತಿರುಗಿ ಬಹಳ ಹೊತ್ತು ನೋಡಿದಳು. ಹೋಗುವಾಗ ಆ ಹುಡುಗಿಯ ಹೆಸರೇನು ಎಂದು ಕೇಳಿ ತಿಳಿದುಕೊಂಡು ಹೋದಳು.

ತಬಿತಾಳಿಗೆ ಆ ಪ್ರಶ್ನೆ ಬಂದದ್ದು ಹೊಟ್ಟೆಯೊಳಗಿಂದ. ಅವಳ ತಾತ ಹೊನ್ನಯ್ಯ ಗೌಡರ ಮನೆಯ ಮದುವೆಗಳಲ್ಲಿ ಸೌದೆ ಒಡೆದು, ನೀರು ಹೊತ್ತು, ಎಲ್ಲರದೂ ಮುಗಿದ ಮೇಲೆ ಕೊಟ್ಟಿಗೆಯ ಹಿಂದೆ ಸೆರಗೊಡ್ಡಿ ನಿಂತ ಹೆಂಡತಿಯೊಂದಿಗೆ ನಿಂತೇ ಉಂಡವನು. ಅವನಿಗೆ ಎಲೆ ಹಾಕಿ ಕೂರಿಸಿ ಬಡಿಸಿದ ಮೊದಲ ಮನುಷ್ಯ ಒಬ್ಬ ಪಾದ್ರಿ. ಹೊನ್ನಯ್ಯ ದೇವರನ್ನು ಬದಲಿಸಿದ್ದು ಸ್ವರ್ಗದ ಆಸೆಗಲ್ಲ, ಕೂತು ಉಣ್ಣುವ ಆಸೆಗೆ. ಹಾಗಂತ ಚರ್ಚಿನೊಳಗೆ ಹೋದರೆ ಅಲ್ಲೂ ಮುಂದಿನ ಬೆಂಚು ಯಾರದೋ, ಹಿಂದಿನ ನೆಲ ಯಾರದೋ! ಜಾತಿ ದೀಕ್ಷಾಸ್ನಾನದ ನೀರಿನಲ್ಲೂ ಮುಳುಗದೆ ತೇಲುತ್ತದೆ.

ಇದನ್ನು ಕಂಡು ಕಂಡು ರೋಸಿ, ಪುಟ್ಟಲಕ್ಷ್ಮಿ ಮತ್ತು ಕೇರಿಯ ಹೆಂಗಸರು ತಮ್ಮದೇ ಒಂದು ನಿಯಮ ಮಾಡಿಕೊಂಡಿದ್ದರು. ಮನೆಯಲ್ಲಿ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಡಬ್ಬಿಗೆ ಹಾಕುವುದು ಹಳೆಯ ಪದ್ಧತಿ. ಹಿಡಿ ಅಕ್ಕಿ ಕಾಣಿಕೆ ಅನ್ನುತ್ತಾರೆ. ಎಲ್ಲ ಸಭೆಗಳಲ್ಲೂ ಆ ಅಕ್ಕಿ ಪಾದ್ರಿಯ ಮನೆಗೋ ಹರಾಜಿಗೋ ಹೋಗುತ್ತದೆ. ಈ ಹೆಂಗಸರು ಮಾತ್ರ ಅದನ್ನು ವಾರವೆಲ್ಲ ಕೂಡಿಸಿ, ಬುಧವಾರ ಬೇಯಿಸಿ, ಲಗೇಜ್ ಆಟೋದಲ್ಲಿ ಹೇರಿಕೊಂಡು ಶಿವಮೊಗ್ಗಕ್ಕೆ ಒಯ್ಯುತ್ತಿದ್ದರು. ಶಿವಮೊಗ್ಗದಲ್ಲೇ ಯಾಕೆಂದರೆ ಬೀದಿಯಲ್ಲಿ ಮಲಗುವವರು ಅಲ್ಲೇ ಜಾಸ್ತಿ. ಹಿಂದೂಗಳಾದ ಕರಿಬಸಮ್ಮನ ಮನೆಯಿಂದಲೂ ಒಂದು ಹಿಡಿ ತಪ್ಪದೆ ಬರುತ್ತಿತ್ತು. ಆಟೋದಲ್ಲಿ ಅವಳೂ ತಪ್ಪದೆ ಬರುತ್ತಿದ್ದಳು.

ನಿಯಮ ಇದು. ಬೀದಿಯವರನ್ನು ಕೂರಿಸಿ ಬಡಿಸಬೇಕು. ಉಂಡವರು ಎದ್ದು ಬಡಿಸಬೇಕು, ಬಡಿಸಿದವರು ಅದೇ ಸಾಲಿನಲ್ಲಿ ಕೂತು ಉಣ್ಣಬೇಕು. ಬಂದು ಕೂತವರು ಯಾರಾದರೂ ಸರಿ, ಯಾಕೆ ಕೂತೆ ಎಂದು ಕೇಳಬಾರದು. ಮೊದಲ ಸೌಟು ಹಿಡಿದವಳು ಕಟ್ಟಕಡೆಗೆ ಉಣ್ಣಬೇಕು. ಅವಳು ಉಂಡರೆ ಪಂಕ್ತಿ ಮುಗಿಯಿತು ಎಂದು ಲೆಕ್ಕ. ಬೈಬಲ್ಲಿನಲ್ಲಿ ಹೀಗೆ ಎಲ್ಲೂ ಬರೆದಿಲ್ಲ. ಬರೆದವರು ಕೊಟ್ಟಿಗೆಯ ಹಿಂದೆ ಉಂಡವರಾಗಿದ್ದರೆ ಬರೆಯುತ್ತಿದ್ದರೇನೋ.

ಆ ಬುಧವಾರ ಮೊದಲ ಸೌಟು ತನಗೇ ಬೇಕೆಂದು ತಬಿತಾ ಕೇಳಿ ಪಡೆದಿದ್ದಳು. ಒಂದು ಗಂಟೆಯೊಳಗೆ ಎಲ್ಲ ಮುಗಿಯುತ್ತದೆ, ಕೈ ತೊಳೆದು ದುರ್ಗಿಗುಡಿಗೆ ನಡೆದರಾಯಿತು, ಇದು ಅವಳ ಅಂದಾಜು.

ಆಟೋ ಬಿ.ಎಚ್. ರಸ್ತೆಯಲ್ಲಿ ಓಡುತ್ತಿತ್ತು. ಹುರುಳಿಸಾರಿನ ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ತಬಿತಾ ಕೂತಿದ್ದಳು. ಗಾಳಿಗೆ ಸೆರಗು ಹಾರುತ್ತಿತ್ತು, ಎದೆ ಅದಕ್ಕಿಂತ ಜೋರಾಗಿ ಹಾರುತ್ತಿತ್ತು. ಕರಿಬಸಮ್ಮ ಅವಳ ಇಸ್ತ್ರಿ ಸೀರೆಗೆ ಸಾರು ತಾಗದಂತೆ ತನ್ನ ಟವೆಲ್ ಹೊದಿಸಿ, "ಹೆಣ್ಣು ನೋಡೋಕೆ ಬಂದಂಗಾತು. ಗಂಡೊಂದಿಲ್ಲ ಅಷ್ಟೇ," ಅಂದಳು. ಆಟೋ ಪೂರ್ತಿ ನಕ್ಕಿತು.

ದುರ್ಗಿಗುಡಿಯ ಅಂಚಿನ ಸಿರಿ ಕಾಂಪ್ಲೆಕ್ಸಿನ ಜಗಲಿ ಅವರ ಊಟದ ಜಾಗ. ಅಂಗಡಿ ಮಳಿಗೆಗಳ ಮುಂದೆ ಉದ್ದಕ್ಕೆ ಹಬ್ಬಿದ ಮಾಡಿನ ಜಗಲಿ. ವರ್ಷಗಳಿಂದ ಅಲ್ಲಿ ಮಲಗುವ ಮೂವತ್ತು ನಲವತ್ತು ಜನ ಬುಧವಾರ ಮುಖ ತೊಳೆದು, ತಲೆ ಬಾಚಿ, ನೆಂಟರ ಹಾಗೆ ಕಾಯುತ್ತಿದ್ದರು. ಅವತ್ತು ಅವರ ಮುಖ ಆ ಥರ ಇರಲಿಲ್ಲ. ಎಲ್ಲರೂ ಗಂಟು ಮೂಟೆ ಎದೆಗವಚಿ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಮುಂದೆ ಒಂದು ಸರಕಿನ ವ್ಯಾನು, ಹಿಂಬದಿಯ ಬಾಗಿಲು ಬಾಯಿ ತೆರೆದು ನಿಂತಿತ್ತು. ಪಕ್ಕದಲ್ಲಿ ಇಬ್ಬರು ಹಮಾಲಿಗಳು, ಡ್ರೈವರ್ ಭೈರಪ್ಪ, ಮತ್ತು ಕಾಂಪ್ಲೆಕ್ಸಿನ ಮಾಲೀಕರ ಮಗ ಜ್ಞಾನೇಶ್.

ಜ್ಞಾನೇಶ್ ಊರಿನ ಹಳೆಯ ವ್ಯಾಪಾರಸ್ಥರ ಮನೆಯವನು. ಮರುದಿನ ಆ ಜಗಲಿಗೆ ಹೊಂದಿಕೊಂಡೇ ಅವನ ಚಿನ್ನದಂಗಡಿ ಶುರುವಾಗಬೇಕಿತ್ತು. ಚಿನ್ನ ಕೊಳ್ಳಲು ಬರುವವರ ಕಣ್ಣಿಗೆ ಹರಕು ಕಂಬಳಿ ಬೀಳಬಾರದು.

"ಒಳ್ಳೇ ಟೈಮಿಗೆ ಬಂದ್ರಿ ಮೇಡಂ," ಅಂದ ಅವನು, ತುಂಬ ವಿನಯವಾಗಿ. "ಇವರನ್ನೆಲ್ಲ ಆಶ್ರಮಕ್ಕೆ ಬಿಡ್ತಾ ಇದೀವಿ. ಇನ್ನು ಮೇಲೆ ನಿಮಗೂ ಈ ತೊಂದರೆ ಇಲ್ಲ."

"ಯಾವ ಆಶ್ರಮಕ್ಕೆ?" ತಬಿತಾ ಕೇಳಿದಳು.

ಜ್ಞಾನೇಶ್ ಮೊಬೈಲ್ ನೋಡಿಕೊಂಡ. ಉತ್ತರ ಬಂದದ್ದು ಗೋಡೆಯ ಕಡೆಯಿಂದ, ಮುದುಕ ಕೊಟ್ರಬಸಪ್ಪನಿಂದ. ಕತ್ತಿಗೆ ಲಿಂಗದ ಕರಡಿಗೆ ಕಟ್ಟಿಕೊಂಡ ಆತ ಆ ಜಗಲಿಗೆ ಹಿರಿಯ.

"ಹೋದ ಸಲದ ಆಶ್ರಮ ಸೋಗಾನೆ ಏರ್‌ಪೋರ್ಟ್ ಆಚೆ ಇತ್ತು ತಾಯಿ. ಬಯಲಾಗೆ. ಮೇಲೆ ವಿಮಾನ, ಕೆಳಗೆ ನಾವು. ಹಾಸಿಗೆ ಮಾತ್ರ ಬಾಳ ಅಗಲ ಇತ್ತು."

ಕೆಲವರು ನಕ್ಕರು. ಆದರೆ ಎಲ್ಲರ ಕಣ್ಣೂ ಕಿಟಕಿಯ ಕಟ್ಟೆಯ ಮೇಲಿದ್ದ ಒಂದು ಸ್ಟೀಲ್ ಲೋಟದ ಕಡೆ ಹೋಯಿತು. ಮಾತು ಬಾರದ ಹೆಂಗಸೊಬ್ಬಳ ಲೋಟ ಅದು. ಹೋದ ಸಲ ಹೀಗೇ ವ್ಯಾನಿನಲ್ಲಿ ಹೋದವರಲ್ಲಿ ಎಲ್ಲರೂ ನಡೆದು ವಾಪಸು ಬಂದರು, ಆಕೆ ಬರಲಿಲ್ಲ. ತನ್ನ ಜಾಗದ ಹೆಸರು ಹೇಳಿ ದಾರಿ ಕೇಳಲು ಆಕೆಗೆ ನಾಲಿಗೆ ಇರಲಿಲ್ಲ. ಲೋಟವನ್ನು ಯಾರೂ ಮುಟ್ಟಿರಲಿಲ್ಲ.

ತಬಿತಾ ಏನಾದರೂ ಅನ್ನುವ ಮೊದಲೇ ಪುಟ್ಟಲಕ್ಷ್ಮಿ ಮುತ್ತುಗದ ಎಲೆಗಳನ್ನು ಹಾಸುತ್ತ ಹೊರಟಿದ್ದಳು.

"ಅನ್ನ ಆರಿ ಹೋಗ್ತಿದೆ ಅಪ್ಪಾರೆ. ಉಂಡು ಹೋಗ್ಲಿ."

ಇಲ್ಲಿ ಜ್ಞಾನೇಶ್ ಒಂದು ತಪ್ಪು ಮಾಡಿದ. ಬೇರೆ ಊರಿನ ಮಾಲೀಕನಾಗಿದ್ದರೆ ಮಾಡುತ್ತಿರಲಿಲ್ಲ. ಇವನು ಅಜ್ಜನ ಕಾಲದಿಂದ ದಾಸೋಹ ನಡೆಸಿದ ಮನೆತನದವನು. ಎದುರಿಗೆ ಹೂವಿನವರು, ಹಣ್ಣಿನವರು, ಆಟೋದವರು ನಿಂತು ನೋಡುತ್ತಿದ್ದರು. ಮೀಸೆ ತೀಡಿ ಹೇಳಿಬಿಟ್ಟ: "ಉಣ್ಣಲಿ, ಉಣ್ಣಲಿ. ಎಲೆ ಮುಂದೆ ಕೂತೋರನ್ನ ಎಬ್ಬಿಸಿದ ಮನೆ ಅಲ್ಲ ನಮ್ಮದು. ಪಂಕ್ತಿ ಮುಗಿಯೋ ತನಕ ಒಬ್ಬರ ಮೈನೂ ಮುಟ್ಟಲ್ಲ."

"ಎಲ್ಲರೂ ಕೇಳಿಸ್ಕೊಂಡ್ರಲ್ಲ?" ಅಂದಳು ಪುಟ್ಟಲಕ್ಷ್ಮಿ. ಹೂವಿನವಳು, ಹಣ್ಣಿನವನು, ಆಟೋದವರು, ಎಲ್ಲರೂ ಕೇಳಿಸಿಕೊಂಡಿದ್ದರು.

ಅವ್ವ ಮಗಳ ಕೈಗೆ ಸೌಟು ಕೊಟ್ಟಳು. ಕಣ್ಣಲ್ಲಿ ಕಿಡಿಯಿತ್ತು. "ನಿಧಾನಕ್ಕೆ ಬಡಿಸು," ಅಂದಳು.

ತಬಿತಾಳಿಗೆ ಅರ್ಥವಾಗಲು ಅಷ್ಟು ಸಾಕಾಯಿತು. ಅರ್ಥವಾದ ಕ್ಷಣವೇ ಇನ್ನೊಂದೂ ಅರ್ಥವಾಯಿತು. ಮೊದಲ ಸೌಟು ತನ್ನದು. ತಾನು ಉಂಡರೆ ಪಂಕ್ತಿ ಮುಗಿಯುತ್ತದೆ. ತಾನು ಸೌಟು ಇಟ್ಟು ಎದ್ದು ಹೋದರೂ ಮುಗಿಯುತ್ತದೆ. ಎರಡೂವರೆಗೆ ಗ್ಲಾಸ್ಗೊ ಕಾಯುತ್ತಿರುತ್ತದೆ.

ಕೊಟ್ರಬಸಪ್ಪ ಎಲೆಯ ಮುಂದೆ ಕೂತು ಕರಡಿಗೆ ಬಿಚ್ಚಿದ. ಉಣ್ಣುವ ಮೊದಲು ಅಂಗೈ ಮೇಲೆ ಲಿಂಗ ಇಟ್ಟು ಪೂಜೆ ಮಾಡುವುದು ಅವನ ರೂಢಿ. ಆಗ ನೀರು ಹಿಡಿಯುವುದು ತಬಿತಾಳ ರೂಢಿ. ಬೇರೆ ದಿನ ಗಳಿಗೆಯಲ್ಲಿ ಮುಗಿಯುತ್ತಿದ್ದ ಪೂಜೆ ಅವತ್ತು ಮುಗಿಯಲೇ ಇಲ್ಲ. ಮುದುಕ ಕಣ್ಣು ಮುಚ್ಚಿ ತನಗೆ ಬಂದ ವಚನಗಳನ್ನೆಲ್ಲ ಹೇಳಿದ, ಬಾರದವನ್ನೂ ಹೇಳಿದ. ಪಂಕ್ತಿಯವರೆಲ್ಲ ಕೈ ಕಟ್ಟಿ ಕಾದರು. ಹಿರಿಯನಿಗಿಂತ ಮುಂಚೆ ತುತ್ತೆತ್ತುವ ಜನವಲ್ಲ ಅವರು.

"ಏನಜ್ಜ, ಇನ್ನೂ ಎಷ್ಟಿದೆ?" ಜ್ಞಾನೇಶ್ ಕೇಳಿದ.

"ಶಿವನ ಹತ್ರ ಅವಸರ ನಡಿಯಲ್ಲ ಸಾವ್ಕಾರ್ರೆ. ನಿಮ್ಮಜ್ಜಾರಿಗೆ ಗೊತ್ತಿತ್ತು."

ಊಟ ಶುರುವಾಯಿತು. ಅಂತಹ ನಿಧಾನದ ಊಟವನ್ನು ಶಿವಮೊಗ್ಗ ಕಂಡಿರಲಿಕ್ಕಿಲ್ಲ. ತಬಿತಾ ಅನ್ನವನ್ನು ಹಿಡಿ ಹಿಡಿಯಾಗಿ ಬಡಿಸಿದಳು, ಸಾರನ್ನು ತೀರ್ಥದಷ್ಟು ಹಾಕಿದಳು, ಸಾಲಿನ ತುದಿ ಮುಟ್ಟಿ ತಿರುಗಿ ಮೊದಲಿಂದ ಬಂದಳು. ಹಲ್ಲಿಲ್ಲದ ಮುದುಕಿಯೊಬ್ಬಳು ಹುರುಳಿಕಾಳನ್ನು ಒಂದೊಂದಾಗಿ ಚೀಪಿದಳು. ಮೊದಲ ಸಾಲು ಕೈ ತೊಳೆಯುತ್ತಲೇ ಜ್ಞಾನೇಶ್ ಹಮಾಲಿಗಳಿಗೆ ಸನ್ನೆ ಮಾಡಿದ.

"ಬಡಿಸಿದೋರು ಉಂಡಿಲ್ಲ ಅಪ್ಪಾರೆ," ಅಂದಳು ಪುಟ್ಟಲಕ್ಷ್ಮಿ. ಕೇರಿಯ ಹೆಂಗಸರು ಸೆರಗು ಸಿಕ್ಕಿಸಿ ಎಲೆಯ ಮುಂದೆ ಕೂತರು. ಬೀದಿಯವರು ಸೌಟು ತೆಗೆದುಕೊಂಡರು. ಜಗಲಿಯ ಮೇಲೆ ಬಿದ್ದುಕೊಂಡಿರುತ್ತಾರೆ, ಕೆಲಸಕ್ಕೆ ಬಾರದವರು ಎಂದು ಊರೆಲ್ಲ ಅನ್ನುತ್ತಿದ್ದ ಜನ ಬಗ್ಗಿ, "ಇನ್ನೊಂಚೂರು ಹಾಕಿಸ್ಕೊಳಿ ಅಕ್ಕ," ಎಂದು ಉಪಚಾರ ಮಾಡುತ್ತ ಓಡಾಡಿದರು. ಆ ಗದ್ದಲದಲ್ಲಿ ತಬಿತಾಳಿಗೆ ಹಬ್ಬದ ಅಮಲೇರಿತು. ಎದುರಿನ ಆಟೋ ಸ್ಟ್ಯಾಂಡಿನ ಹುಡುಗನೊಬ್ಬ ಬಂದು, "ನಾನೂ ಕೂರಬಹುದಾ?" ಅಂದ.

"ಕೂತಮೇಲೆ ಕೇಳೋ ಹಂಗಿಲ್ಲ, ಕೂತ್ಕೊಳಪ್ಪ," ಅಂದಳು ಕರಿಬಸಮ್ಮ.

ಅವನು ಕೂತ. ಅವನ ಹಿಂದೆ ಸ್ಟ್ಯಾಂಡೇ ಕೂತಿತು. ಹೂವಿನವಳು ಬುಟ್ಟಿಗೆ ಒದ್ದೆ ಬಟ್ಟೆ ಹೊದಿಸಿ ಬಂದಳು. ಸಾಲು ಚಿನ್ನದಂಗಡಿಯ ಗಾಜಿನ ಬಾಗಿಲು ದಾಟಿ ಮೂಲೆಯಲ್ಲಿ ತಿರುಗಿತು.

ಆಗ ಜ್ಞಾನೇಶನ ವಿನಯ ಜಾರಿತು. ತಬಿತಾಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಮೇಡಂ, ನಾಟಕ ಸಾಕು. ಅನ್ನ ಹಾಕಿ ಮತಾಂತರ ಮಾಡ್ತಿದಾರೆ ಅಂತ ಒಂದು ಕಂಪ್ಲೇಂಟ್ ಕೊಟ್ರೆ ನಿಮ್ಮ ಕಥೆ ಏನಾಗುತ್ತೆ ಯೋಚನೆ ಮಾಡಿ."

ತಗ್ಗಿದ ದನಿಯಾದರೂ ಕೊಟ್ರಬಸಪ್ಪನ ಕಿವಿ ಚುರುಕು. "ಆರು ವರ್ಷದಿಂದ ಇವರ ಅನ್ನ ತಿಂತಿದೀನಿ ಸಾವ್ಕಾರ್ರೆ. ಲಿಂಗ ಎದೆ ಮೇಲೇ ಐತೆ, ನೋಡಿ. ಅನ್ನಕ್ಕೆ ಜಾರಿ ಬೀಳೋ ದೇವರು ನಂದಲ್ಲ. ನಿಮ್ಮದು ಹಂಗಿದ್ರೆ ಗಟ್ಟಿಯಾಗಿ ಕಟ್ಕೊಳಿ."

ನಗೆ ಸಾಲುದ್ದಕ್ಕೂ ಓಡಿತು. ಜ್ಞಾನೇಶ್ ಫೋನ್ ಮಾಡಿಯೇ ಬಿಟ್ಟ. ಸ್ವಲ್ಪ ಹೊತ್ತಿಗೆ ಬೀಟ್ ಪೊಲೀಸ್ ಶಿವಕುಮಾರ್ ಬೈಕಿನಲ್ಲಿ ಬಂದ. ಭದ್ರಾವತಿಯವನೇ, ಗುರುತಿನವನು. ತಬಿತಾಳನ್ನು ಕಂಬದ ಮರೆಗೆ ಕರೆದ.

"ಏನಕ್ಕ ಇದು? ನೀವು ಫಾರಿನ್‌ಗೆ ಹೋಗೋರಂತೆ. ಕೇಸ್ ಆಗಿಬಿಟ್ರೆ ಪೊಲೀಸ್ ಸರ್ಟಿಫಿಕೇಟ್ ಸಿಗಲ್ಲ. ಸರ್ಟಿಫಿಕೇಟ್ ಇಲ್ದೆ ವೀಸಾ ಸಿಗಲ್ಲ. ಸುಮ್ನೆ ಊಟ ಮುಗಿಸಿ ಹೋಗ್ಬಿಡಿ."

ತಬಿತಾ ಕೈಯ ಸೌಟನ್ನು ನೋಡಿಕೊಂಡಳು. ಮಂಜಿನ ಬೀದಿ, ರಟ್ಟಿನ ಪೆಟ್ಟಿಗೆ, ಕಾಗದದ ಲೋಟ ಹಿಡಿದು ನಿಂತ ಕೈಗಳು, ಎರಡು ವರ್ಷ ಕನಸಿನಲ್ಲಿ ಕಂಡದ್ದೆಲ್ಲ ಕಣ್ಣ ಮುಂದೆ ಹಾದುಹೋಯಿತು. ಅವರೂ ನನ್ನವರೇ ಅನ್ನಿಸಿತು. ಆಮೇಲೆ ಕಟ್ಟೆಯ ಮೇಲಿನ ಸ್ಟೀಲ್ ಲೋಟ ಕಂಡಿತು. ಇಲ್ಲಿಯ ಲೋಟ ದಾಟಿ ಅಲ್ಲಿಯ ಲೋಟ ತುಂಬಲು ಹೋದರೆ ತಾನು ಯಾವ ಸೀಮೆಯ ಮಿಷನರಿ? ವಿಮಾನ ಹತ್ತುವುದೊಂದೇ ಸೇವೆಯಾದರೆ ಅದಕ್ಕೆ ಟಿಕೆಟ್ ಸಾಕು, ಏಸು ಯಾಕೆ ಬೇಕು?

"ನಾನು ಉಂಡಿಲ್ಲ ಶಿವಣ್ಣ. ನಾನು ಉಣ್ಣೋ ತನಕ ಪಂಕ್ತಿ ಮುಗಿಯಲ್ಲ," ಅಂದಳು. ಹೇಳಿ, ಸೌಟು ಹಿಡಿದು ಸಾಲಿನ ಕಡೆ ತಿರುಗಿದಳು.

ಅಷ್ಟರಲ್ಲಿ ಫೋನು. ಮಿಷನ್ ಆಫೀಸಿನ ಕಾರ್ಯದರ್ಶಿ ಪಾದ್ರಿ ಶಶಿಧರ್.

"ಎಲ್ಲಿದೀಯಮ್ಮ? ಎರಡೂ ಕಾಲಾಯ್ತು. ಮಾರ್ಗರೆಟ್ ಆಗಲೇ ಬಂದು ಕೂತಿದಾರೆ."

"ಬರೋಕಾಗಲ್ಲ ಅಯ್ಯನೋರೆ. ಪಂಕ್ತಿ ನಡೀತಿದೆ. ನಾನು ಎದ್ರೆ ಇವರನ್ನೆಲ್ಲ ವ್ಯಾನಿಗೆ ತುಂಬ್ತಾರೆ."

"ತಬಿತಾ, ಈ ಜಾಗ ಮಂಗಳೂರಿನ ಹುಡುಗನ ಪಾಲಾಗುತ್ತೆ. ನಿಂಗೆ ಗೊತ್ತು ತಾನೆ?"

"ಗೊತ್ತು. ಒಳ್ಳೇ ಹುಡುಗ. ಅವನು ಹೋಗ್ಲಿ ಬಿಡಿ."

ಫೋನ್ ಇಟ್ಟಳು. ಅಳಲು ಪುರುಸೊತ್ತಿರಲಿಲ್ಲ. ಅನ್ನದ ಪಾತ್ರೆಯ ತಳ ಸದ್ದು ಮಾಡಿತ್ತು. ಅನ್ನವಿಲ್ಲದ ಪಂಕ್ತಿ ಎಷ್ಟು ಹೊತ್ತು ನಿಂತೀತು? ಜ್ಞಾನೇಶ್ ಆ ಸದ್ದು ಕೇಳಿ ಮೊದಲ ಸಲ ನಕ್ಕ.

ಮಂಡಕ್ಕಿ ಮಾರುವವನು ಎದುರಿನ ಗಾಡಿಯ ಹತ್ತಿರ ನಿಂತು ಎಲ್ಲವನ್ನೂ ನೋಡುತ್ತಿದ್ದ. ಆ ನಗು ಅವನಿಗೆ ಸೇರಲಿಲ್ಲ. ಮಂಡಕ್ಕಿ ಚೀಲವನ್ನು ಹೆಗಲಿಗೇರಿಸಿ ತಂದು ಖಾಲಿ ಪಾತ್ರೆಗೆ ಸುರಿದ. ಈರುಳ್ಳಿ ಹೆಚ್ಚಿದರು, ಉಳಿದ ಸಾರಿನ ಗಸಿ ಕಲಸಿದರು. ಹಣ್ಣಿನವನು ಕಪ್ಪು ತಿರುಗಿದ ಬಾಳೆಗೊನೆ ಇಳಿಸಿದ. ಪಂಕ್ತಿ ಮತ್ತೆ ಸಾಗಿತು.

ಅದೇ ಹೊತ್ತಿಗೆ ಪುಟ್ಟಲಕ್ಷ್ಮಿಯ ಕಣ್ಣು ವ್ಯಾನಿನ ಕಡೆ ಹೋಯಿತು. ಭೈರಪ್ಪ ಊಟ ಶುರುವಾದಾಗಿನಿಂದ ಸ್ಟೇರಿಂಗಿಗೆ ಒರಗಿಕೊಂಡು ಎಲೆಗಳನ್ನೇ ನೋಡುತ್ತಿದ್ದ. ಹಸಿದವರ ನೋಟ ಅವಳಿಗೆ ಚೆನ್ನಾಗಿ ಗೊತ್ತು.

"ಬಾರಪ್ಪ, ಎಲೆ ಹಾಕಿದೆ."

"ಭೈರಪ್ಪ, ಗಾಡಿ ಹತ್ರ ಇರು," ಜ್ಞಾನೇಶ್ ಗದರಿದ.

"ಬೆಳಗಿಂದ ಗಾಡಿ ಹತ್ರನೇ ಇದೀನಿ ಸರ್. ಅದು ಊಟ ಕೊಡಲಿಲ್ಲ." ಭೈರಪ್ಪ ಇಳಿದು ಬಂದು ಕೂತ. ಹಮಾಲಿಗಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಅವನ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿದರು. ತಾವು ಎತ್ತಿ ವ್ಯಾನಿಗೆ ತುಂಬಬೇಕಾಗಿದ್ದ ಜನರಿಂದಲೇ ಬಡಿಸಿಕೊಂಡು ಉಂಡರು. ಕೊಟ್ರಬಸಪ್ಪನೇ ಭೈರಪ್ಪನಿಗೆ ಎರಡು ಸಲ ಬಡಿಸಿದ.

ದುರ್ಗಿಗುಡಿಯ ಕಡೆಯಿಂದ ಒಂದು ಸ್ಕೂಟರು ಹಾರ್ನ್ ಹೊಡೆಯುತ್ತ ಬಂದು ನಿಂತಿತು. ಪಾದ್ರಿ ಶಶಿಧರ್. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಎದೆಗವಚಿದ ಲ್ಯಾಪ್‌ಟಾಪು, ಬೆವರಿನಲ್ಲಿ ಅದ್ದಿದ ಬಿಳಿ ಅಂಗಿ.

"ನೀನು ಬರಲ್ಲ ಅಂದೆ ಅಂತ ಮಾರ್ಗರೆಟ್‌ಗೆ ಹೇಳಿದೆ. ಯಾಕೆ ಅಂತ ಕೇಳಿದ್ರು. ಹೇಳಿದೆ. 'ಹಾಗಾದ್ರೆ ನನ್ನನ್ನೇ ಅಲ್ಲಿಗೆ ಹೊತ್ಕೊಂಡು ಹೋಗಿ' ಅಂದ್ಬಿಟ್ರು ಮಾರಾಯ್ತಿ." ಅವರು ಏದುಸಿರು ಬಿಡುತ್ತ ಸಾಲಿನ ಖಾಲಿ ಜಾಗದಲ್ಲಿ ಕೂತು ಲ್ಯಾಪ್‌ಟಾಪು ತೆರೆದರು. ಕೂತದ್ದೇ ತಡ ಅವರ ಮುಂದೆ ಎಲೆ ಬಿತ್ತು.

"ನಂಗೆ ಈಗ ಬೇಡ ಪುಟ್ಟಲಕ್ಷ್ಮಮ್ಮ..."

"ಕೂತಿದೀರಲ್ಲ. ತಿನ್ನಿ ಅಯ್ಯನೋರೆ."

ಪರದೆಯ ಮೇಲೆ ಮಾರ್ಗರೆಟ್ ಇದ್ದಳು. ಕಂಬಳಿಯಂಥ ಕೋಟು, ಹಿಂದೆ ಬೂದು ಬೆಳಕಿನ ಕಿಟಕಿ. ತಬಿತಾ ಸೌಟು ಹಿಡಿದೇ ಮುಂದೆ ಮೊಣಕಾಲೂರಿದಳು. ಬೆಳಗಿನಿಂದ ಉರುಹೊಡೆದ ಇಂಗ್ಲಿಷು ಒಂದಕ್ಷರವೂ ಬರಲಿಲ್ಲ. ಬಂದದ್ದು ಹಳೆಯ ಹರಕು ಇಂಗ್ಲಿಷು.

"ಕ್ಷಮಿಸಿ ಅಮ್ಮ. ನನ್ನ ಮೇಲೆ ಕೇಸ್ ಆಗಬಹುದು. ಕೇಸ್ ಆದರೆ ವೀಸಾ ಬರಲ್ಲ. ನಾನು ಎದ್ದು ಹೋಗೋ ಹಾಗಿಲ್ಲ."

"ನನಗೆ ಆ ಸಾಲು ತೋರಿಸು," ಅಂದಳು ಮಾರ್ಗರೆಟ್.

ಶಶಿಧರ್ ಎಡಗೈಯಲ್ಲಿ ಲ್ಯಾಪ್‌ಟಾಪು ಎತ್ತಿ ತಿರುಗಿಸಿದರು, ಬಲಗೈ ಎಂಜಲಾಗಿತ್ತು. ಗ್ಲಾಸ್ಗೊ ಆ ಜಗಲಿಯನ್ನು ನೋಡಿತು. ಎಲೆಯ ಮುಂದೆ ಕೂತ ಆಟೋದವರನ್ನು, ಬಗ್ಗಿ ಬಡಿಸುತ್ತಿದ್ದ ಬೀದಿಯವರನ್ನು, ಬಾಯಿ ತೆರೆದು ನಿಂತ ಖಾಲಿ ವ್ಯಾನನ್ನು ನೋಡಿತು. ಹಲ್ಲಿಲ್ಲದ ಮುದುಕಿ ಪರದೆಗೂ ಒಂದು ಬಾಳೆಹಣ್ಣು ಚಾಚಿದಳು.

"ಇಲ್ಲಿಗೆ ಬಂದರೆ ನೀನು ಏನು ಮಾಡುತ್ತೀಯ?" ಮಾರ್ಗರೆಟ್ ಕೇಳಿದಳು. ಸಂದರ್ಶನದ ಪ್ರಶ್ನೆ ಅದೊಂದೇ ಆಯಿತು.

"ಕೂರಿಸುತ್ತೇನೆ."

"ನಮ್ಮಲ್ಲಿ 'ಬೇಗ ಮುಗಿಸಿ, ಹಿಂದೆ ಜನ ಇದ್ದಾರೆ' ಅನ್ನುತ್ತೇವೆ."

"ಹಿಂದೆ ಇರೋರನ್ನೂ ಕೂರಿಸುತ್ತೇನೆ. ಉಂಡವರ ಕೈಗೆ ಸೌಟು ಕೊಡುತ್ತೇನೆ. ಇಲ್ಲದಿದ್ದರೆ ಹಾಕುವ ಕೈ ಯಾವಾಗಲೂ ಮೇಲೇ ಇರುತ್ತದೆ, ಅಮ್ಮ. ನಿಮ್ಮದಾದರೂ ಅಷ್ಟೆ, ನನ್ನದಾದರೂ ಅಷ್ಟೆ."

ಮಾರ್ಗರೆಟಳ ಬಾಯಿ ಅಲುಗುತ್ತಿತ್ತು, ದನಿ ಬರಲಿಲ್ಲ. ನೆಟ್ ಹೋಯಿತು ಎಂದು ಶಶಿಧರ್ ಪರದೆ ತಟ್ಟಿದರು. ಆಮೇಲೆ ಪರದೆಯೂ ಕಪ್ಪಾಯಿತು.

ತಬಿತಾ ಎದ್ದು ನಿಂತಳು. ಮುಗಿಯಿತು ಅಂದುಕೊಂಡಳು. ಸೌಟಿನಲ್ಲಿ ಮಂಡಕ್ಕಿ ಉಳಿದಿತ್ತು, ಹೋಗಿ ಬಡಿಸಿದಳು.

ಜ್ಞಾನೇಶ್ ಗಡಿಯಾರ ನೋಡಿಕೊಂಡು ಕೂಗಿದ. "ಭೈರಪ್ಪ, ಉಂಡಾಯ್ತಲ್ಲ? ಗಾಡಿ ತೆಗಿ."

ಭೈರಪ್ಪ ಕೈ ತೊಳೆದು ಬಂದು ಬಾಳೆಗೊನೆ ಎತ್ತಿಕೊಂಡಿದ್ದ. "ಉಂಡ ಮೇಲೆ ಬಡಿಸಬೇಕಂತೆ ಸರ್, ಇಲ್ಲಿ ರೂಲ್ಸ್ ಅದು. ಈ ಅಜ್ಜಂದು ನಂಗೆ ಬಡಿಸಿದ ಕೈ. ಆ ಕೈ ಹಿಡಿದು ಬಯಲಲ್ಲಿ ಇಳಿಸಿ ಬರೋಕೆ ನನ್ನಿಂದಾಗಲ್ಲ. ಹೋದ ಸಲನೂ ನಾನೇ ಇಳಿಸಿದ್ದು." ಕೊನೆಯ ಮಾತನ್ನು ಅವನು ಯಾರ ಮುಖವನ್ನೂ ನೋಡದೆ ಹೇಳಿದ. ವ್ಯಾನಿನ ಕೀಲಿ ಅಂಗಿಯ ಜೇಬಿನಿಂದ ತೆಗೆದು, ಆ ಸ್ಟೀಲ್ ಲೋಟದ ಪಕ್ಕ ಇಟ್ಟ.

ಕೀಲಿ ಎಲ್ಲರಿಗೂ ಕಾಣುವ ಹಾಗೇ ಇತ್ತು. ಜ್ಞಾನೇಶ್ ಹೋಗಿ ತೆಗೆದುಕೊಳ್ಳಬಹುದಿತ್ತು. ಆದರೆ ಕೀಲಿಗೂ ಅವನಿಗೂ ನಡುವೆ ಉಣ್ಣುವವರ ಸಾಲಿತ್ತು. ಎಲೆ ದಾಟದೆ ಹೋಗುವ ದಾರಿ ಇರಲಿಲ್ಲ. ಕೊಟ್ಟ ಮಾತನ್ನು ಕೇಳಿದವರೆಲ್ಲ ಈಗ ಆ ಸಾಲಿನಲ್ಲೇ ಕೂತು ಅವನನ್ನು ನೋಡುತ್ತಿದ್ದರು.

"ಶಿವಕುಮಾರ್, ಏನಾದ್ರೂ ಬರಕೊಳ್ರಿ," ಅಂದ ಅವನು.

ಶಿವಕುಮಾರ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಏನಂತ ಬರೀಲಿ ಸರ್? ಊಟ ಬಡಿಸಿದ್ರು ಅಂತಾನಾ?"

"ನಾಳೆ ನೋಡ್ಕೊಳ್ತೀನಿ," ಎಂದು ಜ್ಞಾನೇಶ್ ಕಾರು ಹತ್ತಿದ.

"ನಾಳೆ ಗುರುವಾರ," ಹಿಂದಿನಿಂದ ಪುಟ್ಟಲಕ್ಷ್ಮಿ ಕೂಗಿ ಹೇಳಿದಳು. "ನಾಳೆನೂ ಬರ್ತೀವಿ ಅಪ್ಪಾರೆ. ಅಂಗಡಿ ಶುರುವಾಗೋ ದಿನ ಅಲ್ವಾ, ನಿಮಗೂ ಎಲೆ ಹಾಕಿರ್ತೀವಿ."

ಗೆದ್ದದ್ದು ಒಂದು ಮಧ್ಯಾಹ್ನ ಮಾತ್ರ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಗೆದ್ದ ಮಧ್ಯಾಹ್ನವನ್ನು ಯಾರು ಬಿಟ್ಟುಕೊಡುತ್ತಾರೆ? ಆಟೋದವರು ನಾಳೆಗೆ ಅಕ್ಕಿ ಹೊಂದಿಸುವ ಮಾತಾಡುತ್ತಿದ್ದರು. ಮಂಡಕ್ಕಿಯವನು ಇನ್ನೊಂದು ಚೀಲ ತರುತ್ತೇನೆಂದ. ಮುಂದಿನ ವಾರ ಏನು ಎಂದು ಯಾರೋ ಕೇಳಿದ್ದಕ್ಕೆ ಹೂವಿನವಳು, "ಮುಂದಿನ ವಾರನೂ ಹೊಟ್ಟೆ ಹಸಿಯುತ್ತಲ್ಲ," ಅಂದಳು.

ಕೊಟ್ರಬಸಪ್ಪ ತನ್ನ ಜಾಗದಲ್ಲಿ ಗಂಟು ಬಿಚ್ಚಿ ಕಂಬಳಿ ಹಾಸಿದ. ಆಮೇಲೆ ತಬಿತಾಳ ಕೈಯಿಂದ ಸೌಟು ಕಸಿದುಕೊಂಡ. "ಈಗ ಕೂರು ತಾಯಿ."

ಅವಳು ಕೂತಳು. ಭೈರಪ್ಪ ಎಲೆ ಹಾಸಿದ. ಹಲ್ಲಿಲ್ಲದ ಮುದುಕಿ ಮೊದಲೇ ಮುಚ್ಚಿಟ್ಟಿದ್ದ ಒಂದು ಹಿಡಿ ಅನ್ನವನ್ನು ಸೆರಗಿನಡಿಯ ಬಟ್ಟಲಿನಿಂದ ತೆಗೆದು ಬಡಿಸಿದಳು. ತಬಿತಾ ಮೊದಲ ತುತ್ತು ಕಲಸುವಾಗ ಪಾದ್ರಿ ಶಶಿಧರರ ಫೋನು ಗುನುಗಿತು. ಅವರು ಓದಿದರು, ಮತ್ತೆ ಓದಿದರು, ಕನ್ನಡಕ ಒರೆಸಿ ಮಾರ್ಗರೆಟಳ ಸಂದೇಶವನ್ನು ಇಂಗ್ಲಿಷಿನಲ್ಲಿದ್ದಂತೆಯೇ ಗಟ್ಟಿಯಾಗಿ ಓದಿದರು:

"'ನಮ್ಮ ಊಟದ ಮನೆಯಲ್ಲಿ ಕುರ್ಚಿಗಳು ವರ್ಷಗಳಿಂದ ಒಂದರ ಮೇಲೊಂದು ಪೇರಿಸಿಟ್ಟಿವೆ. ಅವನ್ನು ಇಳಿಸಲು ಶುರುಮಾಡಿದ್ದೇನೆ. ಆ ಹುಡುಗಿಯನ್ನೇ ಕಳಿಸಿ. ವೀಸಾ ತಡವಾದರೆ ಕಾಯುತ್ತೇನೆ.'"

ಜಗಲಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಯ್ಯನವರು ಕನ್ನಡದಲ್ಲಿ ಹೇಳಿದ ಮೇಲೆ ಎದ್ದ ಸದ್ದಿಗೆ ಎದುರು ಮಾಡಿನ ಪಾರಿವಾಳಗಳೆಲ್ಲ ಹಾರಿದವು. ಕರಿಬಸಮ್ಮ ಇಸ್ತ್ರಿ ಸೀರೆಯ ಚಿಂತೆ ಬಿಟ್ಟು ತಬಿತಾಳನ್ನು ಸಾರಿನ ಕೈಯಲ್ಲೇ ತಬ್ಬಿಕೊಂಡಳು. ಬೈಕ್ ಹತ್ತುತ್ತಿದ್ದ ಶಿವಕುಮಾರ್ ತಿರುಗಿ, "ಸರ್ಟಿಫಿಕೇಟ್ ವಿಷಯಕ್ಕೆ ತಲೆ ಕೆಡಿಸ್ಕೋಬೇಡಿ ಅಕ್ಕ. ಇವತ್ತು ಏನೂ ಬರೆದಿಲ್ಲ," ಅಂದ.

ಪುಟ್ಟಲಕ್ಷ್ಮಿ ಮಾತ್ರ ಮಗಳ ಎದುರು ಕುಕ್ಕರಗಾಲಲ್ಲಿ ಕೂತು, ಅವಳು ಉಣ್ಣುವುದನ್ನು ನೋಡುತ್ತಿದ್ದಳು. ಆ ಹಳೆಯ ಪ್ರಶ್ನೆ ತುಟಿಯವರೆಗೆ ಬಂದಿತ್ತು.

"ಹೋಗು. ಆದ್ರೆ ಅಲ್ಲಿ ನಿನಗ್ಯಾರೇ ಬಡಿಸೋರು?"

ತಬಿತಾ ತಲೆಯೆತ್ತಿದಳು. ಕೊಟ್ರಬಸಪ್ಪ ಸಾರಿನ ಪಾತ್ರೆಯನ್ನು ಓರೆ ಮಾಡಿ ಕೊನೆಯ ಗಸಿಯನ್ನು ಸೌಟಿಗೆ ಬಳಿಯುತ್ತಿದ್ದ. ಭೈರಪ್ಪ ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಿದ್ದ.

"ಉಂಡೋರು, ಅವ್ವ," ಅಂದಳು.